ಹಸಿ ಅರಿವಿ

ದರ ಎಲ್ಲಾ ಕಡೀ ಒಂದೇ ಅದ ಆಂಟಿ, ಚುಕ್ಕಿ ಬ್ಯಾರೆ ಅವ,
ಅಂದಳು ನುಜ್ಹತ್, ಬಾಜೂ ಮನಿ ಮೆಹರಕ್ಕನ ಮಗಳು,
ಫೋನಿನ ಬೆಳಕು ನನ್ನ ಮುಖಕ್ಕ ಹಿಡಿದು.
ಬ್ರಹ್ಮಪುರದಾಗಿನ ನಮ್ಮ ಗ್ಯಾಸ್ ಏಜೆನ್ಸಿಗಿ ಎರಡೇ ಚುಕ್ಕಿ.
ಸೇಡಂ ರಸ್ತಾದ್ದಕ್ಕ ಐದು. ಐದಕ್ಕ ಐದು!
ಆಳಂದ ನಾಕಾದ್ದಕ್ಕ ಮೂರೂವರಿ.
ಅರ್ಧ ಚುಕ್ಕಿ ಹ್ಯಾಂಗಿರ್ತದ ಅಂತ ಬಗ್ಗಿ ನೋಡಿದೆ,
ಯಾರೋ ತಿಂದು ಬಿಟ್ಟ ರೊಟ್ಟಿಯಂಗಿತ್ತು.

ಎರಡನೇ ಮಾಳಿಗಿ ಅಂತ ನಲವತ್ತು ರೂಪಾಯಿ ಮ್ಯಾಲ ಕೇಳ್ತಾನ ರೇವಣಸಿದ್ಧ.
ಬುಕ್ ಮಾಡಿ ಹದಿನೆಂಟು ದಿನಕ್ಕ ಬರ್ತಾನ,
ಬಂದರೂ ‘ಮನ್ಯಾಗ ಯಾರೂ ಇಲ್ಲ’ ಅಂತ ಬರದು
ಕೆಳಗಿಂದ ಕೆಳಗೇ ಹೋಗಿಬಿಡ್ತಾನ.
ಹೊಲಿಗಿ ಮಷಿನ್ ಬಿಟ್ಟು ನಾ ಎಲ್ಲಿಗಿ ಹೋಗ್ಲಿ?

ಒಂದು ಬಟನ್ ಅಷ್ಟೇ ಆಂಟಿ, ಒತ್ರಿ.
ಒತ್ತಿದೆ.

ಓಟಿಪಿ ಹೋಗಿದ್ದು ನಾವು ಎರಡು ವರ್ಷದ ಹಿಂದ ಬಿಟ್ಟ ನಂಬರಿಗಿ.
ಆ ನಂಬರು ಈಗ ಹುಮನಾಬಾದದ ಒಬ್ಬ ಲಾರಿ ಡ್ರೈವರನ ಕಡೀ.
ಫೋನ್ ಹಚ್ಚಿ ಕೇಳಿದೆ: ಆರು ಅಂಕಿ ಬಂದಾವೇನ್ರಿ ಅಣ್ಣ?
ಧಾಬಾದಾಗ ಚಾ ಕುಡೀತಾ ಒಂದೊಂದೇ ಓದಿದ,
ನಾಕು… ಸೊನ್ನಿ… ತಡೀರಿ, ಚಷ್ಮಾ ಹಾಕೋತೀನಿ… ಏಳು…
ಅಷ್ಟರಾಗ ಟೈಮ್ ಮುಗದಿತ್ತು.
ಮತ್ತ ಕಳಿಸಿದೆ. ಮತ್ತ ಓದಿದ.
ಮೂರನೇ ಸಲಕ್ಕ, ಊಟ ಆತೇನಕ್ಕ, ಅಂದ.

ಪುಸ್ತಕದಾಗ ಜಗದೇವಿ, ಆಧಾರದಾಗ ಜಗದೇವಮ್ಮ.
ಇಬ್ಬರೂ ಒಬ್ಬಾಕಿನೇ ಅಂತ ಬರಕೊಡ್ರಿ, ಅಂದ ಕೌಂಟರಿನ ಹುಡುಗ.
ಬರಕೊಟ್ಟೆ. ಇಬ್ಬರ ಪರವಾಗಿ ಒಬ್ಬಾಕಿ ಸಹಿ ಮಾಡಿದೆ.
ಹೆಬ್ಬಟ್ಟು ಒತ್ತಿಸಿದರೆ ಮಷಿನ್ ಒಲ್ಲೆ ಅಂತು,
ಸೂಜಿ ಹಿಡಿದು ಹಿಡಿದು ಗೆರಿ ಎಲ್ಲಾ ಸವದಾವಂತ.

ಹಳೇ ಏಜೆನ್ಸಿಯವರು ಫೋನ್ ಮಾಡಿದರು,
ಹನ್ನೊಂದು ವರ್ಷದಾಗ ಮೊದಲ ಸಲ.
ಏನು ಕಡಿಮಿ ಆತ್ರಿ ತಾಯಿ, ಯಾಕ ಬಿಡ್ತೀರಿ?
ಕರುಳು ಚುರ್ ಅಂತು, ಖರೇನ.
ಮ್ಯಾಲ ಮೆಟ್ಟಿಲ ನೆನಪಾತು.

ಹೂರಣದ ಬ್ಯಾಳಿ ಅರ್ಧ ಬೆಂದಾಗ ಒಲಿ ನೀಲಿಯಿಂದ ಕೆಂಪಾಗಿ
ಫುಸ್ ಅಂತು, ಆಯಿತವಾರ.
ನೀವು ಈಗ ನಮ್ಮವರಲ್ಲ, ಅಂದರು ಹಳಬರು.
ನೀವು ಇನ್ನಾ ನಮ್ಮವರಾಗಿಲ್ಲ, ಅಂದರು ಹೊಸಬರು.
ಫೋನು ಬರದು ತೋರಸ್ತು:
ನಿಮ್ಮ ವಿನಂತಿ ಪ್ರಕ್ರಿಯೆಯಲ್ಲಿದೆ.
ಪ್ರಕ್ರಿಯೆ ಅಂದ್ರ ಯಾವೂರು, ನುಜ್ಹತ್?
ಶಹಾಬಾದ ದಾಟಿ ಹೋಗಬೇಕೇನು?

ಮೆಹರಕ್ಕ ತನ್ನ ಎರಡನೇ ಸಿಲಿಂಡರ್
ಅಂಚಿನಮ್ಯಾಲ ಹೊಳ್ಳಿಸಿಕೋತ ತಂದಳು, ಪಡಸಾಲಿ ತುಂಬ ಗಡಗಡ.
ಹೊಸ್ತಿಲದಾಗ ನಿಲ್ಲಿಸಿ, ಓಟಿಪಿ ಹೇಳು ಮೊದಲು, ಅಂದಳು.
ನಕ್ಕು ನಕ್ಕು ಬ್ಯಾಳಿ ಮರತೇಬಿಟ್ಟೆವು.

ಇಪ್ಪತ್ತಾರನೇ ದಿನ ಕೆಳಗ ಹಾರನ್.
ಐದು ಚುಕ್ಕಿಯ ಗಾಡಿ. ಹೆಗಲಮ್ಯಾಲ ಸಿಲಿಂಡರ್ ಹೊತ್ತು
ಏದುಸಿರು ಬಿಡಕೋತ ಮ್ಯಾಲ ಬಂದವ
ರೇವಣಸಿದ್ಧ. ಅಂಗಿ ಬಣ್ಣ ಅಷ್ಟೇ ಬ್ಯಾರೆ.
ನೀನೂ ಬದಲಿ ಮಾಡಿದೇನಪಾ?
ಅಲ್ಲಿ ಪಗಾರ ಎರಡು ತಿಂಗಳ ಕೊಟ್ಟಿರಲಿಲ್ಲಕ್ಕ,
ಇಲ್ಲಿ ಹ್ಯಾಂಗೋ ನೋಡಬೇಕು.
ಮಜ್ಜಿಗಿ ಕೊಟ್ಟೆ. ಕುಡದು, ಮಾರಿ ಒರಸಿಕೊಂಡು,
ಎರಡನೇ ಮಾಳಿಗಿ ಅಲ್ಲೇನ್ರಿ, ಅಂದ. ಐವತ್ತು.

ಎಷ್ಟು ಚುಕ್ಕಿ ಕೊಡ್ತೀರಿ, ಅಂತ ಫೋನು ಕೇಳ್ತು.
ಹಿಟ್ಟಿನ ಡಬ್ಬಿಮ್ಯಾಲ ಬೋರಲ ಹಾಕಿದೆ.

ನಮ್ಮವ್ವ ಹೇಳಿಕೊಟ್ಟಂಗ ಅರಿವಿ ತೊಯ್ಸಿ
ಸಿಲಿಂಡರಿನ ಹೊಟ್ಟಿಗುಂಟ ಒರಸಿದೆ.
ಗ್ಯಾಸ್ ಇದ್ದಲ್ಲಿ ತನಾ ಹಸಿ ನಿಲ್ತದ,
ಖಾಲಿ ಇದ್ದಲ್ಲಿ ಲಗೂನ ಒಣಗ್ತದ.
ಎಷ್ಟು ತುಂಬ್ಯಾರ ಅಂತ ಅದೇ ಹೇಳ್ತದ, ಸುಳ್ಳು ಹೇಳಂಗಿಲ್ಲ.
ಕಾಲು ಮಡಚಿ ಎದುರಿಗಿ ಕುಂತು ನೋಡಿದೆ.
ಕಲಬುರಗಿ, ಮೇ ತಿಂಗಳು, ಮಧ್ಯಾನ್ಹ ಎರಡೂವರಿ.
ಮ್ಯಾಲಿಂದು ಕೆಳಗಿಂದು ಎಲ್ಲಾ ಕೂಡೇ ಒಣಗಿ ಹೋತು.